ಸೊಂಟದ ಕಿರ್ಪಾನ್, ಸಂಚಿಯ ಅಡಕತ್ತರಿ: ವಿಮಾನದೊಳಗೆ ಆಯುಧ ಬೇಕಾ?

ದೊಡ್ಡಮ್ಮನನ್ನು ದೆಹಲಿಯ ಮಗಳ ಮನೆಗೆ ಕರೆದುಕೊಂಡು ಹೊರಟಿದ್ದೆ. ಅವರಿಗೆ ಅದು ಮೊದಲ ವಿಮಾನ ಪ್ರಯಾಣ. ಭದ್ರತಾ ತಪಾಸಣೆಯಲ್ಲಿ ಅವರ ಕೈಚೀಲ ಎಕ್ಸ್-ರೇ ಯಂತ್ರದಿಂದ ಹೊರಗೆ ಬಂದಿದ್ದೇ ಪಕ್ಕಕ್ಕೆ ಸರಿಯಿತು. ಸಿಬ್ಬಂದಿ ಚೀಲ ಬಿಚ್ಚಿಸಿದರು. ಒಳಗೆ ಎಲೆ-ಅಡಿಕೆ ಸಂಚಿ. ಸಂಚಿಯಲ್ಲಿ ಸುಣ್ಣದ ಡಬ್ಬಿ, ನಾಲ್ಕು ಗೋಟಡಿಕೆ, ಒಂದು ಅಡಕತ್ತರಿ. ಹಿತ್ತಾಳೆ ಹಿಡಿಯದು, ಅವರ ಅತ್ತೆ ಕೊಟ್ಟಿದ್ದು. ಹಿಡಿ ಸವೆದು ನುಣುಪಾಗಿತ್ತು. ಅಲಗು ಮಾತ್ರ ಈಗಲೂ ಹರಿತ. ‘ಇದು ಒಳಗೆ ಹೋಗಲ್ಲ’ ಅಂದರು.

ಅದೇ ಹೊತ್ತಿಗೆ ನಮ್ಮ ಮುಂದಿದ್ದ ಸಿಖ್ ಹಿರಿಯರೊಬ್ಬರು ತಪಾಸಣೆ ಮುಗಿಸಿ ಒಳಗೆ ನಡೆದರು. ಹೆಗಲಿಂದ ಸೊಂಟಕ್ಕೆ ಬಟ್ಟೆಯ ಪಟ್ಟಿ, ಪಟ್ಟಿಯ ತುದಿಗೆ ಒರೆಯಲ್ಲಿದ್ದ ಪುಟ್ಟ ಕಿರ್ಪಾನ್. ದೊಡ್ಡಮ್ಮ ಅದನ್ನೇ ನೋಡಿದರು. ‘ಅವರದ್ದು ಕತ್ತಿ ಅಲ್ವೇನೋ? ನನ್ನದು ಅಡಿಕೆ ಹೆಚ್ಚೋದು ಕಣೋ’ ಅಂದರು. ಸಿಟ್ಟಿನಿಂದ ಕೇಳಿದ್ದಲ್ಲ. ನಿಜಕ್ಕೂ ಅರ್ಥವಾಗದೆ ಕೇಳಿದ್ದು. ದೊಡ್ಡ ಸೂಟ್‌ಕೇಸ್ ಆಗಲೇ ಬೆಲ್ಟ್ ಮೇಲೆ ಹೋಗಿಯಾಗಿತ್ತು. ಅಡಕತ್ತರಿಯನ್ನು ಅಲ್ಲಿದ್ದ ಪ್ಲಾಸ್ಟಿಕ್ ಡಬ್ಬಕ್ಕೆ ಹಾಕಿ ಹೊರಟೆವು. ಅವರ ಪ್ರಶ್ನೆಗೆ ಅವತ್ತು ನನ್ನ ಹತ್ತಿರ ಉತ್ತರ ಇರಲಿಲ್ಲ. ಅದಕ್ಕೆ ಉತ್ತರ ಕೊಡಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಿಯಮ ಏನು ಅಂತ ನೋಡೋಣ. ಭಾರತದಲ್ಲಿ ಪ್ರಯಾಣಿಕರು ವಿಮಾನದ ಕ್ಯಾಬಿನ್‌ಗೆ ಬಂದೂಕು, ಗುಂಡು, ಚಾಕು, ಕತ್ತಿ ಯಾವುದನ್ನೂ ಒಯ್ಯುವ ಹಾಗಿಲ್ಲ. ಆಟಿಕೆ ಪಿಸ್ತೂಲಿಗೂ ಅವಕಾಶ ಇಲ್ಲ. ಪರವಾನಗಿ ಇರುವ ಬಂದೂಕನ್ನು ಗುಂಡು ತೆಗೆದು, ಕೌಂಟರಿನಲ್ಲಿ ಮೊದಲೇ ಹೇಳಿ, ಕಾಗದಪತ್ರ ತೋರಿಸಿ, ಚೆಕ್-ಇನ್ ಸಾಮಾನಿನ ಜೊತೆ ಕಳಿಸಬಹುದು. ಅದು ವಿಮಾನದ ಹೊಟ್ಟೆಯಲ್ಲಿ ಇರುತ್ತದೆ, ಯಾರ ಕೈಗೂ ಸಿಗುವುದಿಲ್ಲ. 1999ರ ಕಂದಹಾರ್ ವಿಮಾನ ಅಪಹರಣದ ನಂತರ ಕೆಲವು ವಿಮಾನಗಳಲ್ಲಿ ಸಾಮಾನ್ಯ ಬಟ್ಟೆಯಲ್ಲಿ ಕೂರುವ ಸ್ಕೈ ಮಾರ್ಷಲ್‌ಗಳು ಬಂದರು. ಅವರ ಹತ್ತಿರ ಆಯುಧ ಇರುತ್ತದೆ, ಆದರೆ ಅವರು ಕರ್ತವ್ಯದ ಮೇಲಿರುವ ಸರ್ಕಾರದ ಸಿಬ್ಬಂದಿ. ಪ್ರಯಾಣಿಕರಲ್ಲಿ ಧರ್ಮದ ಕಾರಣಕ್ಕೆ ಅಲಗು ಇಟ್ಟುಕೊಳ್ಳಲು ಅನುಮತಿ ಇರುವುದು ಸಿಖ್ಖರಿಗೆ ಮಾತ್ರ. ಇದರ ವಿಷಯಕ್ಕೆ ಆಮೇಲೆ ಬರುತ್ತೇನೆ. ಯಾಕೆಂದರೆ ಅದಕ್ಕೂ ಮೊದಲು ಇನ್ನೊಂದು ದೊಡ್ಡ ವಾದವನ್ನು ಎದುರಿಸಬೇಕು.

‘ಪ್ರಯಾಣಿಕರ ಹತ್ತಿರವೂ ಆಯುಧ ಇದ್ದಿದ್ದರೆ ಅಪಹರಣಕಾರರು ಇಷ್ಟು ಸುಲಭವಾಗಿ ಗೆಲ್ಲುತ್ತಿದ್ದರಾ?’ ಅನ್ನುವುದೇ ಆ ವಾದ. ಅಮೆರಿಕದಲ್ಲಿ ಇದು ಹಳೆಯದು. 2001ರ ಸೆಪ್ಟೆಂಬರ್ 11ರ ನಂತರ ಮತ್ತೆ ಜೋರಾಯಿತು. ಅವತ್ತು 19 ಜನ ನಾಲ್ಕು ವಿಮಾನಗಳನ್ನು ಹಿಡಿದರು. ಅವರಲ್ಲಿದ್ದ ಮುಖ್ಯ ಆಯುಧ ಚಿಕ್ಕ ಚಾಕು. ಅಲಗು 4 ಇಂಚಿಗಿಂತ ಚಿಕ್ಕದಾಗಿದ್ದರೆ ಆಗಿನ ಅಮೆರಿಕದ ನಿಯಮದಲ್ಲಿ ಅದಕ್ಕೆ ಅಡ್ಡಿ ಇರಲಿಲ್ಲ. ಆ ದಿನ ಸುಮಾರು 3,000 ಜನ ಸತ್ತರು. ಹೀಗಾಗಿ ‘ಒಬ್ಬ ಪ್ರಯಾಣಿಕನ ಹತ್ತಿರ ಪಿಸ್ತೂಲು ಇದ್ದಿದ್ದರೆ ಸಾಕಿತ್ತು’ ಅನ್ನಿಸುವುದು ಸಹಜ. ನನಗೂ ಮೊದಲು ಹಾಗೇ ಅನ್ನಿಸಿತ್ತು.

ಆದರೆ ಪ್ರಯಾಣಿಕರು ಬಂದೂಕು ಇಟ್ಟುಕೊಂಡು ಹಾರುವ ಕಾಲ ಒಂದಿತ್ತು, ಅದು ಹೇಗಿತ್ತು ಅಂತ ದಾಖಲೆ ಇದೆ. 1973ರ ಜನವರಿ 5ರವರೆಗೆ ಅಮೆರಿಕದಲ್ಲಿ ಎಲ್ಲ ಪ್ರಯಾಣಿಕರನ್ನೂ ತಪಾಸಣೆ ಮಾಡುವ ಪದ್ಧತಿಯೇ ಇರಲಿಲ್ಲ. ಅಡಗಿಸಿಟ್ಟ ಆಯುಧ ಒಯ್ಯುವುದನ್ನು 1961ರಲ್ಲೇ ಅಪರಾಧ ಅಂತ ಮಾಡಿದ್ದರು. ಆದರೆ ಜೇಬು ನೋಡುವವರು ಯಾರೂ ಇರಲಿಲ್ಲ. 1968ರಿಂದ 1972ರವರೆಗಿನ ಐದು ವರ್ಷದಲ್ಲಿ ಅಲ್ಲಿ 130ಕ್ಕೂ ಹೆಚ್ಚು ಅಪಹರಣದ ಘಟನೆಗಳು ನಡೆದವು. ತಪಾಸಣೆ ಇಟ್ಟರೆ ಪ್ರಯಾಣಿಕರಿಗೆ ಬೇಸರವಾಗುತ್ತದೆ, ವ್ಯಾಪಾರ ಬೀಳುತ್ತದೆ ಅಂತ ವಿಮಾನ ಕಂಪನಿಗಳೇ ವಿರೋಧಿಸುತ್ತಿದ್ದವು. 1972ರ ನವೆಂಬರಿನಲ್ಲಿ ಅಪಹರಣಕಾರರು ವಿಮಾನವನ್ನು ಟೆನೆಸಿಯ ಓಕ್ ರಿಡ್ಜ್ ಅಣು ಕೇಂದ್ರದ ಮೇಲೆ ಬೀಳಿಸುತ್ತೇವೆ ಎಂದು ಬೆದರಿಸಿದ ಮೇಲೆ ಎಲ್ಲರ ಬಾಯಿ ಮುಚ್ಚಿತು. ತಪಾಸಣೆ ಬಂತು, ಅಪಹರಣ ಒಮ್ಮೆಲೇ ಇಳಿಯಿತು. ಬಂದೂಕುಗಳು ಒಳಗೆ ಬರುತ್ತಿದ್ದ ಕಾಲದಲ್ಲಿ ಅಪಹರಣ ಜಾಸ್ತಿ, ಅವನ್ನು ಹೊರಗಿಟ್ಟ ಮೇಲೆ ಕಡಿಮೆ.

ಅಪಹರಣ ಒಂದೇ ಅಲ್ಲ. 1964ರ ಮೇ 7ರಂದು ಕ್ಯಾಲಿಫೋರ್ನಿಯಾದಲ್ಲಿ ಪೆಸಿಫಿಕ್ ಏರ್ ಲೈನ್ಸ್‌ನ ವಿಮಾನದಲ್ಲಿ ಒಬ್ಬ ಪ್ರಯಾಣಿಕ ಕಾಕ್‌ಪಿಟ್‌ಗೆ ಹೋಗಿ ಇಬ್ಬರು ಪೈಲಟ್‌ಗಳಿಗೂ ಗುಂಡು ಹಾರಿಸಿದ. ವಿಮಾನ ಬಿದ್ದು 44 ಜನ ಸತ್ತರು. ಅವನಿಗೆ ರಾಜಕೀಯ ಇರಲಿಲ್ಲ, ಬೇಡಿಕೆಯೂ ಇರಲಿಲ್ಲ. ಸಾಲದಲ್ಲಿ ಮುಳುಗಿದ್ದ, ಸಾಯಬೇಕು ಅಂದುಕೊಂಡಿದ್ದ, ಅಷ್ಟೇ. 1987ರ ಡಿಸೆಂಬರ್ 7ರಂದು ಲಾಸ್ ಏಂಜಲೀಸ್‌ನಿಂದ ಹೊರಟ ಪಿಎಸ್‌ಎ 1771ನೇ ವಿಮಾನದಲ್ಲಿ ಆಗಿದ್ದೂ ಹೆಚ್ಚು ಕಡಿಮೆ ಇದೇ. ಕೆಲಸ ಕಳೆದುಕೊಂಡಿದ್ದ ಒಬ್ಬ ನೌಕರ, ತನ್ನನ್ನು ತೆಗೆದುಹಾಕಿದ ಮೇಲಧಿಕಾರಿ ಅದೇ ವಿಮಾನದಲ್ಲಿ ಹೋಗುತ್ತಾನೆ ಅಂತ ತಿಳಿದು, ಹಳೆಯ ಗುರುತಿನ ಚೀಟಿ ತೋರಿಸಿ ತಪಾಸಣೆ ತಪ್ಪಿಸಿಕೊಂಡು ರಿವಾಲ್ವರ್ ಒಯ್ದ. ಮೊದಲು ಮೇಲಧಿಕಾರಿ, ಆಮೇಲೆ ಪೈಲಟ್‌ಗಳು. ಒಟ್ಟು 43 ಜನ ಸತ್ತರು.

ಈ ಎರಡು ಘಟನೆಗಳನ್ನು ನಾನು ಮತ್ತೆ ಮತ್ತೆ ಯೋಚಿಸುತ್ತೇನೆ. ಆಯುಧ ಕೊಡಿ ಅನ್ನುವವರ ಮನಸ್ಸಿನಲ್ಲಿ ಒಬ್ಬ ಕೆಟ್ಟವನು, ಒಬ್ಬ ಒಳ್ಳೆಯವನು ಇರುತ್ತಾರೆ. ನಿಜವಾದ ವಿಮಾನದಲ್ಲಿ ಕೂತಿರುವವರು ಹಾಗಲ್ಲ. ಸಾಲಗಾರ ಇರುತ್ತಾನೆ, ಕುಡಿದವನು ಇರುತ್ತಾನೆ. ಬೆಳಗ್ಗೆ ಮನೆಯಲ್ಲಿ ಜಗಳ ಮಾಡಿಕೊಂಡು ಬಂದವರು, ಮಾತ್ರೆ ತಪ್ಪಿಸಿದವರು ಇರುತ್ತಾರೆ. ಮುಂದಿನವನು ಸೀಟು ಹಿಂದಕ್ಕೆ ವಾಲಿಸಿದ ಅಂತ ಕೈ ಕೈ ಮಿಲಾಯಿಸುವ ವಿಡಿಯೊಗಳನ್ನು ನಾವೆಲ್ಲ ನೋಡಿದ್ದೇವೆ, ಅಲ್ವಾ? ಅಂಥ ಜಗಳದ ನಡುವೆ ಇಬ್ಬರ ಸೊಂಟದಲ್ಲೂ ಪಿಸ್ತೂಲು ಇದ್ದರೆ?

ಇನ್ನು ಜಾಗದ ವಿಷಯ. ನಮ್ಮ ದೇಶದೊಳಗೆ ಹಾರುವ ಸಾಮಾನ್ಯ ಏರ್‌ಬಸ್ ಎ320 ವಿಮಾನದಲ್ಲಿ ಸುಮಾರು 180 ಸೀಟು. ಆ ಕಡೆ ಮೂರು, ಈ ಕಡೆ ಮೂರು, ಮಧ್ಯೆ ಒಂದೂವರೆ ಅಡಿಗಿಂತ ಸ್ವಲ್ಪ ಜಾಸ್ತಿ ಅಗಲದ ಒಂದೇ ಓಣಿ. ತಿಂಡಿಯ ಟ್ರಾಲಿ ಬಂದರೆ ಮನುಷ್ಯ ದಾಟಲಾರ. ಅಲ್ಲಿ 14ನೇ ಸಾಲಿನ ಮಧ್ಯದ ಸೀಟಿನಲ್ಲಿ ಕೂತವನು, ಮುಂದೆ ಅಪಹರಣಕಾರ ಎದ್ದು ನಿಂತ ಅಂತ ಪಿಸ್ತೂಲು ತೆಗೆಯುತ್ತಾನೆ ಅಂತ ಇಟ್ಟುಕೊಳ್ಳಿ. ಬೆಲ್ಟ್ ಬಿಚ್ಚಬೇಕು, ತಲೆ ಬಗ್ಗಿಸಿ ಏಳಬೇಕು. ಪಕ್ಕದವರು ಹೆದರಿ ಅಲುಗಾಡುತ್ತಿರುತ್ತಾರೆ. ಅವನಿಗೂ ಗುರಿಗೂ ನಡುವೆ ಹದಿಮೂರು ಸಾಲಿನ ತಲೆಗಳು. ಅದೇ ಹೊತ್ತಿಗೆ 20ನೇ ಸಾಲಿನಲ್ಲಿ ಇನ್ನೊಬ್ಬ ‘ಒಳ್ಳೆಯವನು’ ಪಿಸ್ತೂಲು ತೆಗೆದರೆ, ಅವನಿಗೆ 14ನೇ ಸಾಲಿನವನೇ ಅಪಹರಣಕಾರನಂತೆ ಕಾಣುತ್ತಾನೆ. ಹಣೆ ಮೇಲೆ ಹೆಸರು ಬರೆದಿರುವುದಿಲ್ಲವಲ್ಲ.

ಗುಂಡು ತಗುಲಿ ತೂತಾದರೆ ವಿಮಾನ ಬಲೂನಿನ ಹಾಗೆ ಒಡೆದುಹೋಗುತ್ತದೆ ಅನ್ನುವುದು ಮಾತ್ರ ಸಿನಿಮಾದ ಮಾತು. ಕ್ಯಾಬಿನ್‌ಗೆ ಸದಾ ಗಾಳಿ ತುಂಬುತ್ತಲೇ ಇರುತ್ತದೆ, ಹೆಚ್ಚಾದದ್ದು ಒಂದು ಕವಾಟದ ಮೂಲಕ ಹೊರಗೆ ಹೋಗುತ್ತಲೇ ಇರುತ್ತದೆ. ಚಿಕ್ಕ ತೂತು ಬಿದ್ದರೆ ಆ ಕವಾಟ ಸ್ವಲ್ಪ ಮುಚ್ಚಿಕೊಂಡು ಸರಿದೂಗಿಸುತ್ತದೆ. ಇದಕ್ಕೆ ನಿಜವಾದ ಉದಾಹರಣೆಯೇ ಇದೆ. 2001ರ ದಾಳಿಯ ನಂತರ ಅಮೆರಿಕ ತರಬೇತಿ ಪಡೆದ ಪೈಲಟ್‌ಗಳಿಗೆ ಪಿಸ್ತೂಲು ಇಟ್ಟುಕೊಳ್ಳಲು ಅನುಮತಿ ಕೊಟ್ಟಿತು. 2008ರ ಮಾರ್ಚ್ 22ರಂದು ಡೆನ್ವರ್‌ನಿಂದ ಶಾರ್ಲಟ್‌ಗೆ ಹೋಗುತ್ತಿದ್ದ ಯುಎಸ್ ಏರ್‌ವೇಸ್ ವಿಮಾನದ ಕಾಕ್‌ಪಿಟ್‌ನಲ್ಲಿ ಪೈಲಟ್‌ನ ಪಿಸ್ತೂಲು ಅಕಸ್ಮಾತ್ತಾಗಿ ಸಿಡಿಯಿತು. ಗುಂಡು ವಿಮಾನದ ಗೋಡೆ ತೂರಿ ಹೊರಗೆ ಹೋಯಿತು. ವಿಮಾನ ಕ್ಷೇಮವಾಗಿ ಇಳಿಯಿತು. ಯಾರಿಗೂ ಗಾಯ ಆಗಲಿಲ್ಲ. ಅಂದರೆ ತೂತಿನ ಭಯ ನಾವು ಅಂದುಕೊಂಡಷ್ಟು ದೊಡ್ಡದಲ್ಲ. ನಿಜವಾದ ಭಯ ಗುಂಡು ಎದುರಿನ ಮನುಷ್ಯನಿಗೆ, ಒಳಗಿನ ವಿದ್ಯುತ್ ತಂತಿಗಳಿಗೆ ತಗುಲುವುದು. ತರಬೇತಿ ಪಡೆದ ಪೈಲಟ್‌ನ ಕೈಯಲ್ಲೇ ಅದು ತಪ್ಪಿ ಹಾರಿತು ಅನ್ನುವುದನ್ನೂ ಮರೆಯಬಾರದು.

ತರಬೇತಿ ಇದ್ದವರ ಇನ್ನೊಂದು ಘಟನೆ ಮನಸ್ಸು ಕಲಕುತ್ತದೆ. 2005ರ ಡಿಸೆಂಬರಿನಲ್ಲಿ ಮಯಾಮಿ ವಿಮಾನ ನಿಲ್ದಾಣದಲ್ಲಿ ಮಾನಸಿಕ ಕಾಯಿಲೆ ಇದ್ದ ಒಬ್ಬ ಪ್ರಯಾಣಿಕ, ನಿಂತಿದ್ದ ವಿಮಾನದಿಂದ ಗಾಬರಿಯಾಗಿ ಎದ್ದು ಓಡಿದ. ಬಾಂಬ್ ಇದೆ ಅಂತ ಅವನು ಹೇಳಿದ ಎಂದು ವಿಮಾನ ಕಾಯುವ ಏರ್ ಮಾರ್ಷಲ್‌ಗಳು ಅವನಿಗೆ ಗುಂಡಿಕ್ಕಿದರು. ಅವನಿಗೆ ಹುಷಾರಿಲ್ಲ ಅಂತ ಹೇಳುತ್ತಾ ಹೆಂಡತಿ ಹಿಂದೆ ಓಡಿ ಬಂದಿದ್ದಳು. ಬಾಂಬ್ ಇರಲೇ ಇಲ್ಲ. ಮಾರ್ಷಲ್‌ಗಳ ಮೇಲೆ ಮೊಕದ್ದಮೆ ಹೂಡಲಿಲ್ಲ. ಇಂಥದ್ದಕ್ಕೇ ಅಂತ ತಯಾರಾದವರಿಗೇ ಆ ಕ್ಷಣದಲ್ಲಿ ನಿಜ ಏನು ಅಂತ ಗೊತ್ತಾಗಲಿಲ್ಲ. ವರ್ಷಕ್ಕೊಮ್ಮೆ ಕೋವಿ ಎತ್ತುವ ನಮ್ಮಂಥವರಿಗೆ ಗೊತ್ತಾಗುತ್ತಾ?

ಮರೆವಿನ ಲೆಕ್ಕವೂ ಸಣ್ಣದಲ್ಲ. ಅಮೆರಿಕದ ಸಾರಿಗೆ ಭದ್ರತಾ ಸಂಸ್ಥೆ ಟಿಎಸ್‌ಎ 2023ರಲ್ಲಿ ತಪಾಸಣಾ ಕೇಂದ್ರಗಳಲ್ಲಿ 6,737 ಬಂದೂಕು ಹಿಡಿಯಿತು, 2024ರಲ್ಲಿ 6,678. ನೂರಕ್ಕೆ ತೊಂಬತ್ತಕ್ಕೂ ಹೆಚ್ಚಿನವಲ್ಲಿ ಗುಂಡು ತುಂಬಿತ್ತು. ಸಿಕ್ಕಿಬಿದ್ದವರು ಸಾಮಾನ್ಯವಾಗಿ ಹೇಳುವುದು ಒಂದೇ ಮಾತು: ಬ್ಯಾಗಿನಲ್ಲಿದೆ ಅನ್ನುವುದೇ ಮರೆತುಹೋಗಿತ್ತು. ಇರಬಹುದು. ಆದರೆ ಗುಂಡು ತುಂಬಿದ ಪಿಸ್ತೂಲನ್ನು ಮರೆಯುವವರ ಕೈಗೆ, ನೂರೆಂಬತ್ತು ಜನರ ನಡುವೆ ಅದನ್ನು ಸರಿಯಾಗಿ ಬಳಸಿ ಅಂತ ಹೇಗೆ ಒಪ್ಪಿಸುವುದು? 2021ರ ನವೆಂಬರಿನಲ್ಲಿ ಅಟ್ಲಾಂಟಾ ನಿಲ್ದಾಣದ ತಪಾಸಣಾ ಕೇಂದ್ರದಲ್ಲಿ ಹೀಗೇ ಬ್ಯಾಗಿನಲ್ಲಿದ್ದ ಒಂದು ಬಂದೂಕು ಸಿಡಿದು ಜನ ದಿಕ್ಕಾಪಾಲಾಗಿ ಓಡಿದರು. ನಿಲ್ದಾಣದಲ್ಲಾದರೆ ಓಡಲು ಜಾಗ ಇರುತ್ತದೆ.

ಹಾಗಂತ ಪ್ರಯಾಣಿಕರು ಏನೂ ಮಾಡಲಾರರು ಅಂತ ಅಲ್ಲ. ಸೆಪ್ಟೆಂಬರ್ 11ರಂದು ನಾಲ್ಕನೇ ವಿಮಾನ ಯುನೈಟೆಡ್ 93ರಲ್ಲಿದ್ದವರು ಬರಿಗೈಯಲ್ಲೇ ಕಾಕ್‌ಪಿಟ್ ಕಡೆ ನುಗ್ಗಿದರು. ಪ್ರಯಾಣಿಕರು, ಸಿಬ್ಬಂದಿ ಸೇರಿ ಆ 40 ಜನ ಬದುಕಲಿಲ್ಲ. ಆದರೆ ವಿಮಾನ ಅದರ ಗುರಿ ಮುಟ್ಟಲಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಪ್ಯಾರಿಸ್‌ನಿಂದ ಮಯಾಮಿಗೆ ಹೊರಟ ವಿಮಾನದಲ್ಲಿ ಬೂಟಿನೊಳಗಿನ ಬಾಂಬಿಗೆ ಬೆಂಕಿ ಹಚ್ಚಲು ಹೋದವನನ್ನು ಗಗನಸಖಿಯರು, ಪ್ರಯಾಣಿಕರು ಸೇರಿ ಹಿಡಿದು ಬೆಲ್ಟುಗಳಲ್ಲಿ ಕಟ್ಟಿಹಾಕಿದರು. 2009ರ ಕ್ರಿಸ್‌ಮಸ್ ದಿನ ಡೆಟ್ರಾಯಿಟ್‌ಗೆ ಇಳಿಯುತ್ತಿದ್ದ ವಿಮಾನದಲ್ಲೂ ಹೀಗೇ ಆಯಿತು. ಇಬ್ಬರು-ಮೂವರು ದುಷ್ಟರ ಎದುರು ನೂರೈವತ್ತು ಜನ ಇರುತ್ತಾರೆ. ಯಾರ ಕೈಯಲ್ಲೂ ಆಯುಧ ಇಲ್ಲದಿದ್ದಾಗ ಸಂಖ್ಯೆಯೇ ಬಲ. ಎಲ್ಲರಿಗೂ ಆಯುಧ ಕೊಟ್ಟರೆ ಆ ಬಲ ಮೊದಲು ಎದ್ದು ನಿಂತವನ ಪಾಲಾಗುತ್ತದೆ. ಯಾಕೆಂದರೆ ತಯಾರಾಗಿ ಬಂದವನು ಅವನೊಬ್ಬನೇ.

ಈಗ ನಮ್ಮ ದೇಶಕ್ಕೆ, ದೊಡ್ಡಮ್ಮನ ಪ್ರಶ್ನೆಗೆ ಬರೋಣ.

ಭಾರತದ ಅಪಹರಣಗಳ ಚರಿತ್ರೆಯಲ್ಲಿ ಒಂದು ವಿಚಿತ್ರ ಎದ್ದು ಕಾಣುತ್ತದೆ. 1971ರ ಜನವರಿ 30ರಂದು ಶ್ರೀನಗರದಿಂದ ಜಮ್ಮುವಿಗೆ ಹೊರಟ ಇಂಡಿಯನ್ ಏರ್‌ಲೈನ್ಸ್‌ನ ‘ಗಂಗಾ’ ವಿಮಾನವನ್ನು ಇಬ್ಬರು ಯುವಕರು ಲಾಹೋರಿಗೆ ಒಯ್ದರು. ಅವರ ಪಿಸ್ತೂಲೂ ನಕಲಿ, ಗ್ರೆನೇಡೂ ನಕಲಿ. 1978ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರನ್ನು ಜೈಲಿನಿಂದ ಬಿಡಿ ಅಂತ ಇಬ್ಬರು ಒಂದು ವಿಮಾನವನ್ನು ವಾರಾಣಸಿಗೆ ತಿರುಗಿಸಿದರು. ಅವರ ಕೈಯಲ್ಲಿದ್ದದ್ದು ಆಟಿಕೆ ಪಿಸ್ತೂಲು. ಆಕಾಶದಲ್ಲಿ ಆಯುಧ ಮಾಡುವ ಮೊದಲ ಕೆಲಸ ಹೆದರಿಸುವುದು. ಕೊಲ್ಲುವುದು ಆಮೇಲಿನ ಮಾತು. ಆಟಿಕೆ ಪಿಸ್ತೂಲಿಗೂ ಬೇಡ ಅನ್ನುವುದು ಇದಕ್ಕೇ. ಪುಟ್ಟ ಮಗುವಿನ ಕೈಯಿಂದ ಸಿಬ್ಬಂದಿ ಪ್ಲಾಸ್ಟಿಕ್ ಗನ್ ಇಸಿದುಕೊಂಡಾಗ ‘ಇದು ಅತಿಯಾಯಿತು’ ಅಂತ ಗೊಣಗುವವರು ಈ ಎರಡು ವಿಮಾನಗಳನ್ನು ನೆನಪಿಸಿಕೊಳ್ಳಬೇಕು.

ಆಮೇಲೆ ಎಂಬತ್ತರ ದಶಕ. 1981ರ ಸೆಪ್ಟೆಂಬರ್ 29ರಂದು ಖಾಲಿಸ್ತಾನ ಬೇಕು ಅನ್ನುತ್ತಿದ್ದ ದಲ್ ಖಾಲ್ಸಾ ಸಂಘಟನೆಯ ಐವರು ದೆಹಲಿಯಿಂದ ಅಮೃತಸರದ ಮೂಲಕ ಶ್ರೀನಗರಕ್ಕೆ ಹೋಗುವ ವಿಮಾನವನ್ನು ಲಾಹೋರಿನಲ್ಲಿ ಇಳಿಸಿದರು. ಅವರ ಆಯುಧ ಕಿರ್ಪಾನ್. ಮರುದಿನ ಪಾಕಿಸ್ತಾನದ ಕಮಾಂಡೊಗಳು ಪ್ರಯಾಣಿಕರನ್ನು ಬಿಡಿಸಿದರು. 1984ರ ಆಗಸ್ಟ್ 24ರಂದು ಮತ್ತೊಂದು ವಿಮಾನ ಲಾಹೋರ್, ಕರಾಚಿ ಸುತ್ತಿ ದುಬೈ ಸೇರಿತು. ಅಲ್ಲೂ ಶುರುವಾಗಿದ್ದು ಕಿರ್ಪಾನ್‌ನಿಂದ. ಲಾಹೋರಿನಲ್ಲಿ ಅವರ ಕೈಗೆ ಪಿಸ್ತೂಲು ಬಂತು ಅಂತ ಭಾರತ ಆಗ ಆರೋಪಿಸಿತ್ತು. ಆ ವಿಮಾನದಲ್ಲಿ ರಕ್ಷಣಾ ತಜ್ಞ ಕೆ. ಸುಬ್ರಹ್ಮಣ್ಯಂ ಇದ್ದರು. ಸುಬ್ರಹ್ಮಣ್ಯಂ ಅವರ ಮಗನೇ ಈಗಿನ ವಿದೇಶಾಂಗ ಸಚಿವ ಎಸ್. ಜೈಶಂಕರ್. ಆಗ ಚಿಕ್ಕ ವಯಸ್ಸಿನ ಅಧಿಕಾರಿಯಾಗಿದ್ದ ಜೈಶಂಕರ್ ಆ ಅಪಹರಣವನ್ನು ನಿಭಾಯಿಸುವ ತಂಡದಲ್ಲೇ ಇದ್ದರು. ಕೆಲವು ಗಂಟೆ ಕಳೆದ ಮೇಲಷ್ಟೇ ತಂದೆಯೂ ಅದೇ ವಿಮಾನದಲ್ಲಿದ್ದಾರೆ ಅಂತ ಗೊತ್ತಾಯಿತು ಎಂದು 2024ರಲ್ಲಿ ಜಿನೀವಾದಲ್ಲಿ ಅವರೇ ಹೇಳಿಕೊಂಡರು. ಅದೃಷ್ಟಕ್ಕೆ ಎಲ್ಲರೂ ಬದುಕಿ ಬಂದರು.

ಈ ಚರಿತ್ರೆಯನ್ನು ನಾನು ಬೇಕೆಂತಲೇ ಬಿಡಿಸಿ ಹೇಳುತ್ತಿದ್ದೇನೆ. ಕಿರ್ಪಾನ್‌ಗೆ ಅನುಮತಿ ಇರಲಿ ಅನ್ನುವವನು ಇದನ್ನು ಮುಚ್ಚಿಟ್ಟು ಮಾತಾಡಬಾರದು. ನಾನೂ ಕೊನೆಗೆ ಅನುಮತಿ ಇರಲಿ ಅನ್ನುವವನೇ.

2022ರ ಮಾರ್ಚ್ 4ರಂದು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೊ, ಅಂದರೆ ಬಿಸಿಎಎಸ್, ಒಂದು ಆದೇಶ ಹೊರಡಿಸಿತು. ಸಿಖ್ ಪ್ರಯಾಣಿಕರು ಕಿರ್ಪಾನ್ ಧರಿಸಿ ಹೋಗಬಹುದು. ಅಲಗು 6 ಇಂಚು ಮೀರಬಾರದು, ಒಟ್ಟು ಉದ್ದ 9 ಇಂಚು ಮೀರಬಾರದು. ಅದೂ ದೇಶದೊಳಗೇ ಹಾರುವ ಭಾರತೀಯ ವಿಮಾನದಲ್ಲಿ ಮಾತ್ರ. ಬೆಂಗಳೂರಿನಿಂದ ಅಮೃತಸರಕ್ಕೆ ಹೋಗುವಾಗ ಸೊಂಟದಲ್ಲಿರಬಹುದು. ಬೆಂಗಳೂರಿನಿಂದ ಲಂಡನ್ನಿಗೆ ಹೋಗುವಾಗ ಅದೇ ಕಿರ್ಪಾನ್ ಚೆಕ್-ಇನ್ ಸಾಮಾನಿಗೆ ಹೋಗಬೇಕು. ಈ ಆದೇಶದ ವಿರುದ್ಧ ದೆಹಲಿ ಹೈಕೋರ್ಟ್‌ಗೆ ಹೋದ ಅರ್ಜಿ ಅದೇ ವರ್ಷ ಡಿಸೆಂಬರಿನಲ್ಲಿ ವಜಾ ಆಯಿತು. ಇದು ಸರ್ಕಾರ ಯೋಚಿಸಿ ತೆಗೆದುಕೊಂಡ ನೀತಿಯ ತೀರ್ಮಾನ, ನಾವು ಕೈ ಹಾಕುವುದಿಲ್ಲ ಎಂದಿತು ನ್ಯಾಯಾಲಯ.

ಇದರ ಬುಡದಲ್ಲಿರುವುದು ಸಂವಿಧಾನದ 25ನೇ ವಿಧಿ. ಧರ್ಮ ಸ್ವಾತಂತ್ರ್ಯ ಕೊಡುವ ಆ ವಿಧಿಯ ಕೆಳಗೇ ಒಂದು ವಿವರಣೆ ಇದೆ: ಕಿರ್ಪಾನ್ ಧರಿಸುವುದು, ಒಯ್ಯುವುದು ಸಿಖ್ ಧರ್ಮಾಚರಣೆಯ ಭಾಗ. ಇನ್ಯಾವ ಧರ್ಮದ ಯಾವ ವಸ್ತುವಿಗೂ ಆ ವಿಧಿಯಲ್ಲಿ ಹೀಗೆ ಹೆಸರು ಹಿಡಿದು ರಕ್ಷಣೆ ಕೊಟ್ಟಿಲ್ಲ. ಅಮೃತ ಪಡೆದ, ಅಂದರೆ ದೀಕ್ಷೆ ತೆಗೆದುಕೊಂಡ ಸಿಖ್ಖರಿಗೆ ಅದು ಮೈಮೇಲಿನಿಂದ ತೆಗೆಯದ ಐದು ಗುರುತುಗಳಲ್ಲಿ ಒಂದು. ಹಾಗಂತ ಆ ವಿಧಿ ಸಾರ್ವಜನಿಕ ಸುವ್ಯವಸ್ಥೆಗೆ ಒಳಪಟ್ಟೇ ಇದೆ. ವಿಮಾನದಲ್ಲಿ ಎಷ್ಟು ಉದ್ದ, ಎಲ್ಲಿಂದ ಎಲ್ಲಿಗೆ ಅಂತ ಮಿತಿ ಹಾಕಲು ಸರ್ಕಾರಕ್ಕೆ ಅಧಿಕಾರ ಇದ್ದೇ ಇದೆ, ಹಾಕಿಯೂ ಇದೆ.

ಎಂಬತ್ತರ ದಶಕಕ್ಕೂ ಈಗಿಗೂ ಏನು ಬದಲಾಗಿದೆ? ದೊಡ್ಡ ಬದಲಾವಣೆ ಒಂದು ಬಾಗಿಲು. ಆಗ ಕಾಕ್‌ಪಿಟ್ ಬಾಗಿಲು ತಳ್ಳಿದರೆ ತೆಗೆದುಕೊಳ್ಳುವಂಥದ್ದು. ಒಂದು ಅಲಗು ಪೈಲಟ್‌ನ ಕುತ್ತಿಗೆ ಮುಟ್ಟಿದರೆ ವಿಮಾನವೇ ಕೈಗೆ ಬಂತು. 2003ರ ನವೆಂಬರಿನಿಂದ ಅಂತರರಾಷ್ಟ್ರೀಯ ನಿಯಮದ ಪ್ರಕಾರ 60ಕ್ಕಿಂತ ಹೆಚ್ಚು ಸೀಟಿನ ಪ್ರಯಾಣಿಕ ವಿಮಾನಗಳಿಗೆ ಗುಂಡಿಗೂ ಜಗ್ಗದ, ಒಳಗಿನಿಂದ ಬೀಗ ಹಾಕುವ ಬಾಗಿಲು ಬಂತು. ಜೊತೆಗೆ 2000ದ ಫೆಬ್ರವರಿಯಲ್ಲಿ ಜೈಪುರದಿಂದ ಶುರುವಾಗಿ ನಮ್ಮ ನಿಲ್ದಾಣಗಳ ಕಾವಲಿಗೆ ಕೇಂದ್ರದ ಭದ್ರತಾ ಪಡೆ ಸಿಐಎಸ್‌ಎಫ್ ಬಂತು. 6 ಇಂಚಿನ ಅಲಗು ಹಿಡಿದವನು ಈಗ ವಿಮಾನವನ್ನು ಒಯ್ಯಲಾರ.

ಆದರೆ ಬಾಗಿಲಿನ ಈ ಕಡೆ ಯಾರಿದ್ದಾರೆ? ನಾವು ಮರೆಯುವುದು ಇದನ್ನೇ. 2013ರ ಮಾರ್ಚಿನಲ್ಲಿ ಅಮೆರಿಕದ ಟಿಎಸ್‌ಎ, ಬಾಗಿಲು ಗಟ್ಟಿಯಾಯಿತಲ್ಲ ಅಂತ ಹೇಳಿ, 2.36 ಇಂಚಿನವರೆಗಿನ ಚಿಕ್ಕ ಚಾಕುಗಳನ್ನು ಮತ್ತೆ ಬಿಡುತ್ತೇವೆ ಎಂದು ಹೊರಟಿತು. ಗಗನಸಖಿಯರ ಸಂಘಟನೆಗಳು ಎದ್ದು ನಿಂತವು. ಬಾಗಿಲು ಕಾಪಾಡುವುದು ಪೈಲಟ್‌ಗಳನ್ನು, ನಾವು ಅದರ ಹೊರಗೆ ಇದ್ದೇವೆ ಅನ್ನುವುದೇ ಅವರ ವಾದದ ಜೀವಾಳ. ಜೂನ್‌ನಲ್ಲಿ ಆ ಪ್ರಸ್ತಾಪ ವಾಪಸ್ ಹೋಯಿತು. ಅವರು ಹೇಳಿದ್ದು ಸರಿ ಅಂತ ನನಗೆ ಅನ್ನಿಸುತ್ತದೆ. 1999ರ ಡಿಸೆಂಬರ್ 24ರಂದು ಅಪಹರಣವಾಗಿ ಕಂದಹಾರ್ ಸೇರಿದ ಐಸಿ-814 ವಿಮಾನದಲ್ಲಿ ಚಾಕುವಿನ ಇರಿತಕ್ಕೆ ಸತ್ತದ್ದು ಪೈಲಟ್ ಅಲ್ಲ, ಮಧುಚಂದ್ರ ಮುಗಿಸಿ ಕಠ್ಮಂಡುವಿನಿಂದ ವಾಪಸ್ ಬರುತ್ತಿದ್ದ ಯುವಕ. ಹೊಸ ಹೆಂಡತಿ ಅದೇ ವಿಮಾನದಲ್ಲಿದ್ದಳು.

ಹಾಗಿದ್ದೂ ಕಿರ್ಪಾನ್‌ಗೆ ಅನುಮತಿ ಇರಲಿ ಅನ್ನಲು ನನಗೆ ಕಾರಣ ಇದೆ. ಅದು ಬ್ಯಾಗಿನ ತಳದಲ್ಲಿ ಅಡಗಿರುವ ಚಾಕು ಅಲ್ಲ. ತಪಾಸಣೆಯವರ ಕಣ್ಣೆದುರೇ ಬರುತ್ತದೆ, ಅದಕ್ಕೆ ಅಳತೆ ಇದೆ, ಒಯ್ಯುವವರು ಯಾರು ಅಂತ ಗೊತ್ತಿರುತ್ತದೆ. ಅದನ್ನು ಧರಿಸುವವರು ಆತ್ಮರಕ್ಷಣೆಗೆ ಅಂತ ಕೇಳುತ್ತಿಲ್ಲ, ಜಗಳಕ್ಕೆ ಅಂತಲೂ ಅಲ್ಲ. ಬಿಚ್ಚಿ ಇಡಿ ಅಂದರೆ ಅವರಿಗೆ ಅದು ದೀಕ್ಷೆ ಮುರಿದ ಹಾಗೆ. ದೊಡ್ಡಮ್ಮನಿಗೆ ಅಡಕತ್ತರಿ ಎಷ್ಟೇ ಪ್ರೀತಿಯದ್ದಾದರೂ ಸೂಟ್‌ಕೇಸಿನಲ್ಲಿ ಎರಡೂವರೆ ಗಂಟೆ ಇದ್ದರೆ ಅವರಿಗೆ ಕಳೆದುಹೋಗುವುದು ಏನೂ ಇಲ್ಲ. ಎರಡಕ್ಕೂ ವ್ಯತ್ಯಾಸ ಅಲ್ಲಿದೆ, ಅಲಗಿನಲ್ಲಲ್ಲ. ಅಲಗು ಎರಡರದ್ದೂ ಕುಯ್ಯುತ್ತದೆ. ಅವತ್ತು ದೊಡ್ಡಮ್ಮನಿಗೆ ನಾನು ಹೇಳಬೇಕಿದ್ದದ್ದು ಇಷ್ಟು.

ಆದರೆ 6 ಇಂಚು ಯಾಕೆ ಅಂತ ನನ್ನನ್ನು ಕೇಳಿದರೆ ನನಗೆ ಸಮಾಧಾನ ಇಲ್ಲ. ಕೆನಡಾ 2017ರ ನವೆಂಬರಿನಲ್ಲಿ 6 ಸೆಂಟಿಮೀಟರ್‌ವರೆಗಿನ ಅಲಗಿಗೆ ಅವಕಾಶ ಕೊಟ್ಟಿತು, ಅಮೆರಿಕಕ್ಕೆ ಹೋಗುವ ವಿಮಾನಗಳನ್ನು ಬಿಟ್ಟು. ಅದು ಎರಡೂವರೆ ಇಂಚಿಗಿಂತಲೂ ಕಡಿಮೆ. 1985ರ ಜೂನ್ 23ರಂದು ಏರ್ ಇಂಡಿಯಾದ ಕನಿಷ್ಕ ವಿಮಾನದಲ್ಲಿ ಬಾಂಬ್ ಸಿಡಿದು ಸತ್ತ 329 ಜನರಲ್ಲಿ ಹೆಚ್ಚಿನವರು ಆ ದೇಶದ ನಾಗರಿಕರೇ. ಸಿಖ್ ಸಮುದಾಯ ಅಲ್ಲೂ ದೊಡ್ಡದು. ಅಲ್ಲಿನ ಸಿಖ್ ಸಂಘಟನೆ ಆ ಬದಲಾವಣೆಯನ್ನು ಸ್ವಾಗತಿಸಿತು. ಎರಡೂವರೆ ಇಂಚಿನೊಳಗೆ ಅಲ್ಲಿ ಶ್ರದ್ಧೆಗೆ ಜಾಗ ಸಿಗುವುದಾದರೆ, ನಮ್ಮಲ್ಲಿ 6 ಇಂಚು ಬೇಕೇ ಬೇಕಾ ಅಂತ ಸಿಖ್ ಹಿರಿಯರ ಜೊತೆಗೇ ಕೂತು ಮಾತಾಡಬಹುದು. ಆ ಮಾತುಕತೆಯಲ್ಲಿ ಕ್ಯಾಬಿನ್ ಸಿಬ್ಬಂದಿಗೂ ಒಂದು ಕುರ್ಚಿ ಇರಬೇಕು. ದಿನಾ ಬಾಗಿಲಿನ ಈ ಕಡೆ ನಿಂತು ಕೆಲಸ ಮಾಡುವವರು ಅವರೇ ಅಲ್ವಾ?

ನಂಬಿಕೆಗೆ ಜಾಗ ಮಾಡಿಕೊಡುವುದು ನಮ್ಮ ವಿಮಾನಯಾನಕ್ಕೆ ಹೊಸದೂ ಅಲ್ಲ. ಶಬರಿಮಲೆಗೆ ಹೋಗುವವರ ಇರುಮುಡಿಯ ತೆಂಗಿನಕಾಯಿ ನೋಡಿ. ಬೆಂಕಿ ಹತ್ತುವ ವಸ್ತು ಅಂತ ಅದನ್ನು ಕ್ಯಾಬಿನ್‌ಗೆ ಬಿಡುತ್ತಿರಲಿಲ್ಲ. 2024ರ ಅಕ್ಟೋಬರಿನಲ್ಲಿ, ಆ ಯಾತ್ರೆಯ ಕಾಲಕ್ಕೆ ಅಂತ, 2025ರ ಜನವರಿ 20ರವರೆಗೆ ಬಿಸಿಎಎಸ್ ವಿನಾಯಿತಿ ಕೊಟ್ಟಿತು. ಎಕ್ಸ್-ರೇ ಆಗಬೇಕು, ಸ್ಫೋಟಕದ ಪರೀಕ್ಷೆ ಆಗಬೇಕು, ಕೈಯಿಂದ ತಡಕಿ ನೋಡಬೇಕು, ಆಮೇಲೆ ಒಳಗೆ. ನಮ್ಮ ಕರ್ನಾಟಕದ ಎಷ್ಟೋ ಮಾಲಾಧಾರಿಗಳು ಕೊಚ್ಚಿಗೆ ಹೋಗುವಾಗ ಇದರಿಂದ ನಿರಾಳರಾದರು. ಕಾಯಿ ಆಯುಧ ಅಲ್ಲ, ನಿಜ. ಆದರೆ ದಾರಿ ಒಂದೇ: ಮೊದಲು ಪರೀಕ್ಷೆ, ಆಮೇಲೆ ಮಿತಿಯೊಳಗೆ ಅನುಮತಿ.

ಇನ್ನು ‘ಅವರಿಗೆ ಕೊಟ್ಟಿದ್ದೀರಿ, ನಮಗೂ ಕೊಡಿ’ ಅನ್ನುವ ಮಾತು. ಇದು ಕೊಡಗಿಗೆ ಬಂದು ಮುಟ್ಟುತ್ತದೆ. ಕೊಡವರಿಗೆ, ಜಮ್ಮಾ ಅನ್ನುವ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದಲೂ ಕೋವಿಗೆ ಪರವಾನಗಿಯ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿ ಹೋದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಕೈಲ್‌ಪೊಳ್ದ್ ಹಬ್ಬದಲ್ಲಿ ಆಯುಧಗಳಿಗೆ ಪೂಜೆ, ಮದುವೆಯಲ್ಲಿ ಗಂಡಿನ ಸೊಂಟಕ್ಕೆ ಪೀಚೆಕತ್ತಿ. ಇವು ಆ ಜನರ ಬದುಕಿನೊಳಗೆ ಹೊಕ್ಕಿರುವ ಸಂಗತಿಗಳು. ಸಿಖ್ಖರ ಕಿರ್ಪಾನ್‌ಗೆ ಇರುವ ಹಾಗೆ ಕೊಡವರ ಕೋವಿಗೂ ಸಂವಿಧಾನದ ರಕ್ಷಣೆ ಬೇಕು ಅಂತ ಕೊಡವ ನ್ಯಾಷನಲ್ ಕೌನ್ಸಿಲ್ ಬಹಳ ಕಾಲದಿಂದ ಕೇಳುತ್ತಾ ಬಂದಿದೆ. ನೆಲದ ಮೇಲಿನ ಆ ಹಕ್ಕಿನ ಬಗ್ಗೆ ನನಗೆ ಗೌರವ ಇದೆ. ವಿಮಾನದ ಒಳಗಿನ ಲೆಕ್ಕ ಬೇರೆ. ಪೀಚೆಕತ್ತಿಯನ್ನು ಮದುವೆಯ ದಿನ ಉಡುತ್ತಾರೆ, ಕಿರ್ಪಾನ್ ಹಾಗಲ್ಲ, ನಿದ್ದೆಯಲ್ಲೂ ಮೈಮೇಲೇ ಇರುತ್ತದೆ. ಮದುಮಗ ಪೀಚೆಕತ್ತಿಯನ್ನು ಸೂಟ್‌ಕೇಸಿನಲ್ಲಿ ಕಳಿಸಿ ದುಬೈಯಿಂದ ಮಂಗಳೂರಿಗೆ ಬಂದು ಮಂಟಪದಲ್ಲಿ ಉಡಬಹುದು. ಒಂದು ವಿನಾಯಿತಿ ಇದೆ ಅನ್ನುವುದು ಎರಡನೆಯದಕ್ಕೆ ಕಾರಣ ಆಗಬಾರದು. ಹಾಗೆ ಶುರುವಾದರೆ ಪ್ರತಿ ಸಮುದಾಯದ ಹತ್ತಿರವೂ ಒಂದು ಕತ್ತಿ ಇದೆ.

ಕೊಡಗು, ಮಲೆನಾಡಿನ ಓದುಗರಿಗೆ ಇನ್ನೊಂದು ಮಾತು. ಕೋವಿ ಅಷ್ಟೇ ಅಲ್ಲ, ಬ್ಯಾಗಿನಲ್ಲಿ ಮರೆತ ಒಂಟಿ ತೋಟಾಕ್ಕೂ, ಅಂದರೆ ಕೋವಿಯ ಒಂದೇ ಒಂದು ಗುಂಡಿಗೂ ಜನ ಸಿಕ್ಕಿಬೀಳುತ್ತಾರೆ. ಹಂದಿ ಕಾಯಲು ತೋಟಕ್ಕೆ ಹೋದಾಗ ಹೆಗಲಿಗೆ ಹಾಕಿಕೊಂಡಿದ್ದ ಬ್ಯಾಗನ್ನೇ ಮಗ ಬೆಂಗಳೂರಿಗೆ ಒಯ್ದಿರುತ್ತಾನೆ. ಅದರ ಪಕ್ಕದ ಜೇಬಿನ ಹೊಲಿಗೆಯಲ್ಲಿ ಒಂದು ತೋಟಾ ಉಳಿದಿರುತ್ತದೆ. ಎಕ್ಸ್-ರೇ ಯಂತ್ರಕ್ಕೆ ಅದು ಸಿಗುತ್ತದೆ, ಆಯುಧ ಕಾಯ್ದೆಯಡಿ ಎಫ್‌ಐಆರ್ ಆಗುತ್ತದೆ, ವಿಮಾನ ತಪ್ಪುತ್ತದೆ. ಇದೆ ಅಂತ ಗೊತ್ತಿದ್ದು ಇಟ್ಟುಕೊಂಡಿರಲಿಲ್ಲ ಅನ್ನುವ ಕಾರಣಕ್ಕೆ ದೆಹಲಿ ಹೈಕೋರ್ಟ್ ಇಂಥ ಎಷ್ಟೋ ಎಫ್‌ಐಆರ್‌ಗಳನ್ನು ರದ್ದು ಮಾಡಿದೆ. ಆದರೆ ಅಲ್ಲಿಯವರೆಗೆ ವಕೀಲರು, ಠಾಣೆ, ತಿಂಗಳುಗಟ್ಟಲೆ ಅಲೆದಾಟ. ಹಾಗಾಗಿ ಹೊರಡುವ ಹಿಂದಿನ ರಾತ್ರಿ ಬ್ಯಾಗನ್ನು ಮಂಚದ ಮೇಲೆ ಬೋರಲು ಹಾಕಿ ಕೊಡವಿ. ಚಿಕ್ಕ ಜೇಬುಗಳ ಜಿಪ್ಪನ್ನೂ ಎಳೆದು, ಬೆರಳು ಹಾಕಿ ಮೂಲೆಯವರೆಗೆ ನೋಡಿ.